ಬಣ್ಣ ತುಂಬದ ಕಣ್ಣು

ಒಂದಾನೊಂದು ಊರಿನಲ್ಲಿ, ಸತ್ತವರ ಕೆನ್ನೆಗೆ ಕೆಂಪು ಹಚ್ಚಿ ಹೊಟ್ಟೆ ಹೊರೆಯುವ ಒಬ್ಬ ಬಣ್ಣಗಾರನಿದ್ದನಂತೆ. ಕಪ್ಪು-ಬಿಳುಪಿನಲ್ಲೇ ತೀರಿಹೋದವರು ಅವನ ಮೇಜಿನ ಮೇಲೆ ಒಂದು ಮಧ್ಯಾಹ್ನ ಮಲಗಿದ್ದು, ಸಂಜೆಯ ಹೊತ್ತಿಗೆ ತುಟಿ ಕೆಂಪಾಗಿ, ಕೊರಳಿನ ಸರ ಹಳದಿಯಾಗಿ, ಎದ್ದು ಮನೆಗೆ ಹೋಗುತ್ತಿದ್ದರಂತೆ. ಅವನು ಸಾಯುವ ಮೂರು ದಿನ ಮೊದಲು ಸೊಸೆಯನ್ನು ಹತ್ತಿರ ಕರೆದು, ಒಂದು ಕೆಲಸ ಬಾಕಿ ಉಳಿದಿದೆ, ನೀನೇ ಮುಗಿಸಬೇಕು ಎಂದು ಮಾತು ತೆಗೆದುಕೊಂಡನಂತೆ.

ಅಜ್ಜಿ ಹೇಳುವ ಕಥೆಯಾಗಿದ್ದರೆ ಸೊಸೆ ಇಲ್ಲಿಂದ ಏಳು ಕಡಲು ದಾಟಲು ಹೊರಡಬೇಕಿತ್ತು. ಈ ಸೊಸೆ ದಾಟಬೇಕಾಗಿದ್ದದ್ದು ಅಡುಗೆಮನೆಗೂ ಬಣ್ಣದ ಕೋಣೆಗೂ ನಡುವೆ ಇದ್ದ ಒಂದು ಹೊಸ್ತಿಲು ಮಾತ್ರ. ಅದಕ್ಕೇ ಅವಳಿಗೆ ಸುಮಾರು ಎರಡು ವರ್ಷ ಹಿಡಿಯಿತು.

ಮನೆಯ ಮುಂಭಾಗದಲ್ಲಿ ಫೋಟೋ ಅಂಗಡಿ, ಹಿಂಭಾಗದಲ್ಲಿ ಸಂಸಾರ, ನಡುವೆ ಬಣ್ಣದ ಕೋಣೆ. ಅಂಗಡಿಯಲ್ಲಿ ಗಂಡ ಕಂಪ್ಯೂಟರಿನ ಮುಂದೆ ಕೂತು ಹರಿದ ಫೋಟೋಗಳನ್ನು ಜೋಡಿಸುತ್ತಿದ್ದ. ಕೈಯಿಂದಲೇ ಬಣ್ಣ ಹಾಕಿಕೊಡಿ ಎಂದು ಹಟ ಹಿಡಿಯುವ ಹಳೆಯ ಗಿರಾಕಿಗಳ ಕೆಲಸ ಸೊಸೆಯದು. ಮಾವನೇ ಕಲಿಸಿದ್ದು. ಕಡ್ಡಿಗೆ ಹತ್ತಿ ಸುತ್ತುವುದು, ಎಣ್ಣೆಬಣ್ಣವನ್ನು ಇದ್ದೂ ಇಲ್ಲದಂತೆ ಸವರುವುದು, ತಪ್ಪಿದರೆ ಟರ್ಪೆಂಟೈನಿನಲ್ಲಿ ಒರೆಸುವುದು. ಅವಳಿಗಾಗಿ ಉಳಿಸಿಹೋದ ಕೆಲಸ ಅಂದರೆ ಮಾವನ ತಾಯಿಯ ಚಿತ್ರ. ಒಂದು ಮೊಳ ಎತ್ತರದ ದೊಡ್ಡ ಪ್ರಿಂಟು. ಕೆನ್ನೆ, ತುಟಿ, ಬಟ್ಟೆ, ಹಿಂದಿನ ಪರದೆ ಎಲ್ಲಕ್ಕೂ ಬಣ್ಣ ಬಂದಿತ್ತು. ಕಣ್ಣಿಗೆ ಮಾತ್ರ ಬಂದಿರಲಿಲ್ಲ.

"ಅಮ್ಮನ ಕಣ್ಣು ಮುಗಿಸು. ಮಾತು ಕೊಡು," ಎಂದಿದ್ದ ಮಾವ.

ಅವಳು ಕೊಟ್ಟಳು. ಊಟದ ಕೋಣೆಯ ಫೋಟೋದಲ್ಲಿರುವ ಕಂದೇನಾ ಮಾವ ಎಂದು ಕೇಳಿದಳು. ಆತ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡ. ಆಯಾಸವಾಗಿರಬೇಕು ಅಂದುಕೊಂಡು ಅವಳು ಹೊದಿಕೆ ಸರಿಮಾಡಿ ಎದ್ದುಬಂದಳು. ಇನ್ಯಾರನ್ನು ಕೇಳುವುದು? ಆ ಹೆಂಗಸು ತೀರಿಹೋದಾಗ ಮಾವನಿಗೆ ಹನ್ನೊಂದು ವರ್ಷ. ಅತ್ತೆ ಈ ಮನೆಗೆ ಕಾಲಿಟ್ಟಿದ್ದು ಅದಾಗಿ ಎಷ್ಟೋ ವರ್ಷಕ್ಕೆ.

ಆಮೇಲೆ ಬಸಿರು, ಬಾಣಂತನ, ಕೂಸು. ಚಿತ್ರಕ್ಕೆ ಒಂದು ಹಳೆಯ ದುಪ್ಪಟಿ ಹೊದಿಸಿ ಮೂಲೆಗೆ ಒರಗಿಸಿದ್ದಳು. ಹೊದಿಸಿದ್ದು ಧೂಳಿಗಲ್ಲ. ಮುಖಕ್ಕೆಲ್ಲ ಜೀವ ಬಂದು ಕಣ್ಣು ಮಾತ್ರ ಬೂದಿಬಣ್ಣದಲ್ಲಿ ಉಳಿದಿದ್ದ ಆ ಹೆಂಗಸು ಹಾಡಹಗಲಲ್ಲೇ ಅವಳ ಬೆನ್ನಿಗೆ ಅಂಟಿಕೊಂಡಂತೆ ನೋಡುತ್ತಿದ್ದಳು. ಕೆಲಸ ಮಾಡುತ್ತಾ ಮಾಡುತ್ತಾ ಸೊಸೆ ಕುರ್ಚಿಯನ್ನು ತಿರುಗಿಸಿ ಹಾಕಿಕೊಂಡಳು. ತಿರುಗಿಸಿದ ಮೇಲೆ ಆ ನೋಟ ಎದೆಯ ಮೇಲೆ ಕೂತಂತಾಯಿತು.

ಕೂಸು ಹೆಣ್ಣು. ಗುಂಡಗೆ, ಕೈಯಲ್ಲಿ ನಿಲ್ಲದೆ ಉರುಳುತ್ತಿದ್ದುದಕ್ಕೆ ನಾದಿನಿ ಅದನ್ನು ಬಟಾಣಿ ಎಂದು ಕರೆದಳು. ಅದೇ ನಿಂತಿತು. ಹುಟ್ಟಿದಾಗ ಅದರ ಕಣ್ಣು ಮಬ್ಬು ಮಬ್ಬು. ಎಲ್ಲ ಕೂಸುಗಳದ್ದೂ ಹೀಗೇ, ಬರಬರುತ್ತಾ ಕಪ್ಪಾಗುತ್ತೆ ಎಂದು ಎಲ್ಲರೂ ಕಾದರು. ಒಂಬತ್ತನೇ ತಿಂಗಳಿಗೆ ಮಬ್ಬು ಕಳೆಯಿತು. ಒಳಗಿನಿಂದ ಹೊರಬಂದದ್ದು ಕಪ್ಪಲ್ಲ, ಕಂದೂ ಅಲ್ಲ. ಹಸಿರು ಬೆರೆತ ಬೂದಿ.

ಮೊದಲು ಬಾಯಿಬಿಟ್ಟವಳು ತನ್ನ ತಂದೆಯ ಫೋಟೋ ಒಯ್ಯಲು ಬಂದ ಹೊಲಿಗೆಯವಳು. ಕೂಸಿನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಇದು ಯಾರ ಕಣ್ಣಮ್ಮ, ನಿಮ್ಮ ಮನೆಯಲ್ಲಿ ಯಾರದೂ ಹೀಗಿಲ್ಲವಲ್ಲ ಎಂದಳು. ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ. ಚಿಲ್ಲರೆ ತೆಗೆದುಕೊಂಡು ಹೊರಟುಹೋದಳು. ಅವಳಾಡಿದ ಮಾತು ಮಾತ್ರ ಹೋಗಲಿಲ್ಲ.

ಆ ವಾರದಿಂದ ಅತ್ತೆ ಕೂಸಿನ ಬಟ್ಟೆ ಒಗೆಯುವುದನ್ನು ಬಿಟ್ಟಳು. ಸೊಂಟ ಹಿಡಿದಿದೆ ಎಂದಳು. ಅದರ ಮುಂದಿನ ವಾರ ಊಟ ಮಾಡಿಸುವುದನ್ನು ಬಿಟ್ಟಳು. ಬಟಾಣಿ ತೆವಳಿಕೊಂಡು ಹೋಗಿ ಅವಳ ಕಾಲು ಹಿಡಿದರೆ, ಪಾತ್ರೆ ಇಟ್ಟಷ್ಟು ಹುಷಾರಾಗಿ ಎತ್ತಿ ಪಕ್ಕಕ್ಕೆ ಇಡುತ್ತಿದ್ದಳು. ಮುಖ ನೋಡುತ್ತಿರಲಿಲ್ಲ. ಬೈಗುಳವಾಗಿದ್ದರೆ ಸೊಸೆ ತಿರುಗಿ ಬೈದಿರುತ್ತಿದ್ದಳೋ ಏನೋ. ಆ ಹುಷಾರಿಗೆ ಏನು ಹೇಳುವುದು ಎಂದು ಅವಳಿಗೆ ತಿಳಿಯಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಕೂತು ಕಾಳು ಬಿಡಿಸುತ್ತಿದ್ದರು. ನಾದಿನಿ ಶಾಲೆಯಲ್ಲಿ ವಿಜ್ಞಾನ ಹೇಳುವವಳು, ಬಾಯಿ ಸುಮ್ಮನಿರುವುದಿಲ್ಲ. ಅತ್ತಿಗೆಯ ಮುಖ ಸಣ್ಣಗಾಗಿದ್ದನ್ನು ನೋಡಲಾರದೆ, ಇದೇನು ಮಾಟಮಂತ್ರವಲ್ಲ ಎಂದು ಪಾಠ ಶುರುಮಾಡಿದಳು. ಕಪ್ಪು ಕಾಳು, ಬಿಳಿ ಕಾಳು ಬೇರೆಬೇರೆ ಹಾಕಿ, ಒಬ್ಬೊಬ್ಬರ ಜೇಬಿನಲ್ಲೂ ಎರಡೆರಡು ಕಾಳು ಅಂದುಕೊಳ್ಳಿ ಎಂದಳು. ಒಂದು ಅಮ್ಮ ಕೊಟ್ಟಿದ್ದು, ಒಂದು ಅಪ್ಪ ಕೊಟ್ಟಿದ್ದು. ಒಂದು ಕಪ್ಪು ಇದ್ದರೂ ಸಾಕು, ಕಣ್ಣು ಕಪ್ಪಾಗೇ ಕಾಣುತ್ತೆ. ಬಿಳಿದು ಒಳಗೇ ಬಚ್ಚಿಟ್ಟುಕೊಂಡು ತಲೆಮಾರುಗಟ್ಟಲೆ ಕೂತಿರುತ್ತೆ. ಎರಡೂ ಬಿಳಿದೇ ಬಂದಾಗ ತಿಳಿಗಣ್ಣು. ನಿಜವಾಗಿ ಇಷ್ಟು ಸಲೀಸಲ್ಲ, ಇನ್ನೂ ಏನೇನೋ ಸೇರಿರುತ್ತೆ, ಮಕ್ಕಳಿಗೆ ಹೇಳುವಾಗ ಹೀಗೆ ಹೇಳುತ್ತೇವೆ ಅಷ್ಟೆ. ಅತ್ತಿಗೆಯ ದೊಡ್ಡಮ್ಮನದು ಬೆಕ್ಕಿನ ಕಣ್ಣಂತೆ, ಅಂದಮೇಲೆ ಒಂದು ಬಿಳಿ ಕಾಳು ಆ ಕಡೆಯಿಂದ ಬಂದಿರಬೇಕು.

"ಇನ್ನೊಂದು?" ಎಂದಳು ಅತ್ತೆ.

ನಾದಿನಿಯ ಕೈ ನಿಂತಿತು. ಎಲ್ಲಿಗೆ ಬಂದು ಸಿಕ್ಕಿಕೊಂಡೆ ಎಂದು ಅವಳಿಗೆ ಆಗಲೇ ಹೊಳೆದದ್ದು.

"ಎರಡು ಬೇಕು ಅಂದೆಯಲ್ಲ. ನನ್ನ ಮಗನ ಜೇಬಿನಲ್ಲೂ ಒಂದು ಇರಬೇಕು ತಾನೆ? ಗೋಡೆ ನೋಡು. ಯಾರ ಜೇಬಿನಿಂದ ಬಂತು, ತೋರಿಸು."

ಊಟದ ಕೋಣೆಯ ಗೋಡೆಯ ಮೇಲೆ ಮಾವನ ಅಜ್ಜ, ತಂದೆ, ತಾಯಿ, ಚಿಕ್ಕಪ್ಪ, ಮದುವೆಯ ಉಡುಪಿನಲ್ಲಿ ಮಾವ ಅತ್ತೆ, ಕೆಳಗೆ ಚಿಕ್ಕವರಾಗಿದ್ದ ಗಂಡ ಮತ್ತು ನಾದಿನಿ. ಎಂಟು ಜೊತೆ ಕಣ್ಣು. ಎಂಟೂ ಕಂದು. ಇವರೆಲ್ಲರ ಕೆಳಗೆ ಕೂತೇ ಆ ಮನೆಯವರು ಮೂರು ಹೊತ್ತು ಉಣ್ಣುತ್ತಿದ್ದರು.

ಗಂಡ ಗೋಡೆಯನ್ನು ನೋಡಿದ, ಕೂಸನ್ನು ನೋಡಿದ, ಅಂಗಡಿಗೆ ಎದ್ದುಹೋದ. ಅತ್ತೆ ಎರಡೂ ಬಗೆಯ ಕಾಳನ್ನು ಕೈಯಿಂದ ಬಳಿದು ಒಂದೇ ಪಾತ್ರೆಗೆ ಸುರಿದಳು. ಒಂದಷ್ಟು ಕಾಳು ನೆಲಕ್ಕೆ ಚೆಲ್ಲಿತು. ಸಿಟ್ಟಿಗೆ ಎಂದುಕೊಂಡಳು ಸೊಸೆ.

ಮುಂದಿನ ದಿನಗಳಲ್ಲಿ ಗಂಡನ ಊಟ ಕಡಿಮೆಯಾಯಿತು. ಬಟ್ಟಲು ಅರ್ಧಕ್ಕೇ ತಳ್ಳಿ ಅಂಗಡಿಗೆ ಹೋಗುತ್ತಿದ್ದ. ಚಹಾ ಒಯ್ದಾಗ ಅವಳು ಕಂಪ್ಯೂಟರಿನಲ್ಲಿ ಕಂಡಳು: ಪರದೆಯ ತುಂಬ ಒಂದು ಕಣ್ಣು. ಅವನದೇ. ಪಕ್ಕದಲ್ಲಿ ಬಟಾಣಿಯದು. ಅವಳ ಹೆಜ್ಜೆ ಕೇಳಿದೊಡನೆ ಯಾರದೋ ಮದುವೆಯ ಗುಂಪು ಪರದೆಗೆ ಬಂತು. ಅವಳು ಲೋಟ ಇಟ್ಟು ಬಂದಳು.

ಬಣ್ಣದ ಕೋಣೆಯಲ್ಲಿ ಬಟಾಣಿಯನ್ನು ಚಾಪೆಯ ಮೇಲೆ ಬಿಟ್ಟುಕೊಂಡು ಕೆಲಸಕ್ಕೆ ಕೂರುವಳು. ಕೂಸು ಗಿಲಕಿ ಬಿಟ್ಟು, ಬಣ್ಣದ ಡಬ್ಬಿ ಬಿಟ್ಟು, ಮೂಲೆಯ ದುಪ್ಪಟಿಯ ಕಡೆಗೇ ತೆವಳುತ್ತಿತ್ತು. ಅದರ ಮುಂದೆ ಕೂತು, ಎದುರಿಗೆ ಯಾರೋ ಮಾತಾಡಿಸುತ್ತಿರುವಂತೆ ತಲೆ ಓರೆ ಮಾಡಿ ನಗುತ್ತಿತ್ತು. ಸೊಸೆ ಎಳೆದು ತಂದು ಕೂರಿಸಿದಷ್ಟೂ ಸಲ ಮತ್ತೆ ಅಲ್ಲಿಗೇ. ಕಿಟಕಿಯಲ್ಲಿ ಬಿಸಿಲು ಹೊಡೆಯುತ್ತಿದ್ದರೂ ಅವಳ ಮೈ ಜುಮ್ಮೆಂದಿತು. ಅತ್ತೆಯಂತೂ ಆ ಬಾಗಿಲ ಮುಂದೆ ಹಾದುಹೋಗುವಾಗ ಸೆರಗು ಮೂಗಿಗೆ ಹಿಡಿದು, ಈ ಟರ್ಪೆಂಟೈನ್ ವಾಸನೆ ನನಗೆ ಆಗಿಬರಲ್ಲ ಎನ್ನುತ್ತಾ ಒಳಗೆ ಇಣುಕದೆ ದಾಟುತ್ತಿದ್ದಳು.

ಬುಧವಾರ ತಿಂಡಿಯ ಹೊತ್ತಿಗೆ ಗಂಡ ಒಂದು ಚೀಟಿ ಮೇಜಿನ ಮೇಲಿಟ್ಟ. ಸೋಮವಾರ ಹತ್ತು ಗಂಟೆಗೆ ಲ್ಯಾಬಿನವರು ಬರಹೇಳಿದ್ದಾರೆ, ಕೂಸಿನದು, ನನ್ನದು, ಬಾಯೊಳಗೆ ಹತ್ತಿ ಆಡಿಸಿ ತೆಗೆದುಕೊಳ್ತಾರೆ, ನೋವಾಗಲ್ಲ ಎಂದ. ಚೀಟಿಗೇ ಹೇಳುತ್ತಿರುವಂತೆ ಹೇಳಿದ.

ಅವಳು ಬ್ರೆಡ್ಡಿನ ತಟ್ಟೆ ಕೆಳಗಿಟ್ಟಳು.

"ಮಾಡಿಸಿ. ನಾನು ಬೇಡ ಅನ್ನಲ್ಲ. ಆದರೆ ರಿಪೋರ್ಟು ಬರೋ ದಿನ ನಾನೂ ಬಟಾಣಿಯೂ ಈ ಮನೆಯಲ್ಲಿರಲ್ಲ. ಅದರಲ್ಲಿ ಏನೇ ಬರೆದಿರಲಿ."

"ನಾನೇನಂದೆ ಈಗ?"

"ಅದೇ ರೀ. ನೀವು ಏನೂ ಅನ್ನಲಿಲ್ಲ."

ನಾದಿನಿ ಅಣ್ಣನ ಮೇಲೆ ಎಗರಿಬಿದ್ದಳು. ನನ್ನ ಪಾಠ ನನಗೇ ಉರುಳಾಯಿತು, ಮನೆಯಲ್ಲಿ ಒಬ್ಬರಿಗಾದರೂ ಬುದ್ಧಿ ಬೇಡವೇ ಎಂದಳು. ಗಂಡ ಅವಳಿಗೆ ನೀನು ಶಾಲೆಗೆ ಹೊರಡು ಎಂದ. ಅತ್ತೆ ಒಲೆಯ ಕಡೆಗೆ ತಿರುಗಿ ನಿಂತಿದ್ದಳು. ಹಾಲು ಉಕ್ಕಿ ಚೆಲ್ಲುತ್ತಿತ್ತು, ಆರಿಸಲಿಲ್ಲ.

ಗುರುವಾರ, ಶುಕ್ರವಾರ ಸೊಸೆ ಪೆಟ್ಟಿಗೆ ತುಂಬಿದಳು. ಶನಿವಾರ ಕೈಯಲ್ಲಿದ್ದ ಗಿರಾಕಿಗಳ ಕೆಲಸವನ್ನೆಲ್ಲ ಮುಗಿಸಿ, ಕುಂಚ ತೊಳೆದು, ಇನ್ನೇನು ಎದ್ದೇಳಬೇಕು, ಮೂಲೆಯ ಕಡೆ ಕಣ್ಣು ಹೋಯಿತು. ಹೋಗುವ ಮುಂಚೆ ಕೊಟ್ಟ ಮಾತು ತೀರಿಸಿಬಿಡೋಣ, ಗೋಡೆಯ ಮೇಲಿದ್ದ ಕಂದನ್ನೇ ತುಂಬಿದರಾಯಿತು ಎಂದು ಮನಸ್ಸು ಗಟ್ಟಿಮಾಡಿ ದುಪ್ಪಟಿ ಎಳೆದಳು. ಚಿತ್ರವನ್ನು ಕಿಟಕಿಯ ಬಳಿ ಮೇಜಿನ ಮೇಲಿಟ್ಟಳು. ಕಂದು ಬಣ್ಣದ ಟ್ಯೂಬು ಹುಡುಕಿದರೆ ಅದೊಂದು ಮಾತ್ರ ಹಿಂಡಿ ಹಿಪ್ಪೆಯಾಗಿತ್ತು. ಉಳಿದವೆಲ್ಲ ಅರ್ಧರ್ಧ ಇದ್ದವು. ಚೂರು ತೆಗೆದು ಕಡ್ಡಿಯ ಹತ್ತಿಗೆ ಹಚ್ಚಿಕೊಂಡು ಬಗ್ಗಿದಳು.

ಬಗ್ಗಿದವಳು ಹಾಗೇ ನಿಂತಳು.

ಕಪ್ಪು-ಬಿಳುಪಿನಲ್ಲಿ ಕಂದು ಕಣ್ಣು ಕಪ್ಪಾಗಿಯೇ ಬರುತ್ತದೆ. ನಡುವಿನ ಪಾಪೆ ಎಲ್ಲಿ, ಸುತ್ತಿನ ಬಣ್ಣ ಎಲ್ಲಿ ಎಂದು ಬೇರೆಮಾಡಲಾಗುವುದಿಲ್ಲ. ಇಲ್ಲಿ ಪಾಪೆ ಮೆಣಸಿನ ಕಾಳಿನಂತೆ ಬೇರೆಯಾಗಿ ನಿಂತಿತ್ತು. ಸುತ್ತಲಿನ ಬಳೆ ಬೂದಿ. ಇದು ಅವಳು ಮೊದಲ ದಿನವೇ ನೋಡಿದ್ದು. ನೆಗೆಟಿವ್ ಹಳೆಯದು, ಮಾಸಿರಬೇಕು ಎಂದುಕೊಂಡಿದ್ದಳು. ದಿನಾ ಮಾಸಿದ ಫೋಟೋ ನೋಡುವವರ ಕಣ್ಣಿಗೆ ಲೋಕವೆಲ್ಲ ಮಾಸಿದ್ದೇ. ಆದರೆ ಈ ಹೆಂಗಸಿನ ಕೂದಲು ಕಾಡಿಗೆಯಷ್ಟು ಕಪ್ಪಿತ್ತು. ಕುತ್ತಿಗೆಯ ಗುಂಡಿಗಳು ಮಿರಿಮಿರಿ ಕಪ್ಪಿದ್ದವು. ಕೂದಲು ಮಾಸದೆ, ಗುಂಡಿ ಮಾಸದೆ, ಕಣ್ಣೊಂದೇ ಹೇಗೆ ಮಾಸೀತು?

ಚಾಪೆಯ ಮೇಲಿಂದ ಬಟಾಣಿ ತಲೆಯೆತ್ತಿ ನೋಡಿತು. ಮೇಜಿನ ಮೇಲಿಂದ ಚಿತ್ರದ ಹೆಂಗಸು ನೋಡಿದಳು. ಇಬ್ಬರ ನಡುವೆ ನಿಂತ ಸೊಸೆಗೆ ಒಂದು ಕ್ಷಣ ತಾನೇ ಹೊರಗಿನವಳು ಅನಿಸಿತು.

ಭಾನುವಾರ ಬೆಳಿಗ್ಗೆ ತಿಂಡಿಗೆ ಎಲ್ಲರೂ ಕೂತಿದ್ದಾಗ ಅವಳು ಟರ್ಪೆಂಟೈನಿನ ಸೀಸೆ, ಹತ್ತಿ ಹಿಡಿದುಕೊಂಡು ಊಟದ ಕೋಣೆಗೆ ಬಂದಳು. ಕುರ್ಚಿ ಹತ್ತಿ ಮಾವನ ತಾಯಿಯ ಫೋಟೋ ಕೆಳಗಿಳಿಸಿದಳು. ಹಿಂದಿನ ಮೊಳೆ ಕಿತ್ತು ಗಾಜು ತೆಗೆದು, ಚಹಾದ ಲೋಟಗಳ ನಡುವೆ ಅಂಗಾತ ಮಲಗಿಸಿದಳು. ಗಂಡ ಏನು ಮಾಡ್ತಿದ್ದೀ ಎಂದ. ಅವಳು ಎಡಗಣ್ಣಿನ ಮೇಲೆ ಹತ್ತಿ ಒತ್ತಿದಳು. ಬಹುಕಾಲದ ಬಣ್ಣ. ಮೊದಲು ಜಪ್ಪಯ್ಯ ಅಂದರೂ ಬಿಡಲಿಲ್ಲ. ಮತ್ತೆ ನೆನೆಸಿ, ಕಾದು, ಉಗುರಿನಷ್ಟು ಜಾಗದಲ್ಲಿ ಸುತ್ತಿ ಸುತ್ತಿ ಒರೆಸಿದಳು. ಹತ್ತಿ ಕಂದಾಯಿತು. ಹತ್ತಿ ಬದಲಾಯಿಸಿದಳು. 

ಕಂದಿನ ಕೆಳಗಿನಿಂದ ತಿಳಿಗಣ್ಣು ಎದ್ದುಬಂತು. ಮೆಣಸಿನ ಕಾಳಿನಂಥ ಪಾಪೆ, ಸುತ್ತ ಬೂದಿಯ ಬಳೆ.

ನಾದಿನಿ ಬಗ್ಗಿ ನೋಡಿ, ಅಪ್ಪ ಎಲ್ಲರಿಗೂ ಒಂದೇ ಟ್ಯೂಬಿನಿಂದ ಹಾಕಿದ್ದಾರೆ ಎಂದು ಪಿಸುಗುಟ್ಟಿದಳು. ಗೋಡೆ ನೋಡು ಅಂದಳಲ್ಲ ಅಮ್ಮ, ಗೋಡೆಯನ್ನು ಮಾಡಿದ್ದೇ ಅವರು.

ಆಗ ಅತ್ತೆ ಎದ್ದು ಒಳಗೆ ಹೋದಳು. ಬೀರುವಿನ ಬಾಗಿಲು ಕಿರ್ರೆಂದ ಸದ್ದಾಯಿತು. ಬರುವಾಗ ಅವಳ ಕೈಯಲ್ಲಿ ಅಂಗೈಯಷ್ಟಗಲದ ಒಂದು ಫೋಟೋ. ಟೋಪಿ ಹಾಕಿಕೊಂಡ ಒಂದು ವರ್ಷದ ಕೂಸು. ಕೆನ್ನೆ ಗುಲಾಬಿ, ಕಣ್ಣು ಕಂದು. ಅದನ್ನು ಸೊಸೆಯ ಮುಂದೆ ಇಟ್ಟಳು.

"ಇದನ್ನೂ ಒರೆಸು."

ತಮಗಿಂತ ಮುಂಚೆ ಒಂದು ಹುಟ್ಟಿ ಹೋಯಿತು ಎಂದಷ್ಟೇ ಗಂಡನಿಗೂ ನಾದಿನಿಗೂ ಗೊತ್ತಿತ್ತು. ಮುಖ ನೋಡಿದ್ದು ಇವತ್ತೇ. ಸೊಸೆ ಹೊಸ ಹತ್ತಿ ಸುತ್ತಿದಳು. ಈ ಕಣ್ಣು ಚಿಕ್ಕದು, ಕಡ್ಡಿಯ ತುದಿಯಲ್ಲೇ ಮಾಡಬೇಕು. ಒರೆಸುತ್ತಿದ್ದಷ್ಟು ಹೊತ್ತೂ ಅತ್ತೆ ಮಾತಾಡಿದಳು. ಅವಳು ಅಷ್ಟು ಉದ್ದ ಮಾತಾಡಿದ್ದನ್ನು ಆ ಮನೆ ಕೇಳಿರಲಿಲ್ಲ.

ಹದಿನಾಲ್ಕು ತಿಂಗಳು ಇತ್ತಂತೆ. ಗುಬ್ಬಿ ಎಂದು ಕರೆಯುತ್ತಿದ್ದರಂತೆ. ಬೀದಿಯವರು ಬಂದು ಬಂದು ಕಣ್ಣು ನೋಡಿಕೊಂಡು ಹೋಗುತ್ತಿದ್ದರಂತೆ, ಹೋಗುವಾಗ ಅವಳ ಮುಖವನ್ನೂ. ಜ್ವರ ಬಂದು ಎರಡೇ ದಿನಕ್ಕೆ ಹೋಯಿತು. ತಿಂಗಳು ಕಳೆದ ಮೇಲೆ ಮಾವ ಈ ಫೋಟೋಗೆ ಬಣ್ಣ ಹಾಕಿ ತಂದು ಅವಳ ಕೈಗಿತ್ತ. ನೋಡಿದರೆ ಕಣ್ಣು ಕಂದು.

"ಒಂದು ಮಾತಾಡಲಿಲ್ಲ ಅವರು. ಬೈದಿದ್ರೆ ಇಲ್ಲ ಅಂತಾದರೂ ಹೇಳಬಹುದಿತ್ತು. ಬಣ್ಣ ಹಚ್ಚಿ ಕೊಟ್ಟವರಿಗೆ ಏನಂತ ಹೇಳೋದು? ನನ್ನ ಮೇಲೆ ಅನುಮಾನ ಪಟ್ಟು ಮುಚ್ಚಿದರೋ, ಕನಿಕರ ಪಟ್ಟು ಮುಚ್ಚಿದರೋ. ನಲವತ್ತು ವರ್ಷ ಒಂದೇ ತಟ್ಟೆಯಲ್ಲಿ ಉಂಡ ಹಾಗೆ ಬಾಳಿದೆ, ಕೇಳಲಿಲ್ಲ. ಈಗ ಗೊತ್ತಾಯಿತು. ಅವರಿಗೆ ಎಲ್ಲ ಗೊತ್ತಿತ್ತು. ಹನ್ನೊಂದು ವರ್ಷದ ಹುಡುಗನಿಗೆ ಹೆತ್ತವಳ ಕಣ್ಣು ಮರೆತುಹೋಗುತ್ತಾ?"

ಯಾಕೆ ಮುಚ್ಚಿಟ್ಟರು ಎಂದು ನಾದಿನಿ ಕೇಳಿದಳು. ಅವರ ಅಮ್ಮನ ಸುದ್ದಿ ಎತ್ತಿದರೆ ಊಟ ಬಿಟ್ಟು ಏಳೋರು, ಅಷ್ಟೇ ನನಗೆ ಗೊತ್ತಿರೋದು ಎಂದಳು ಅತ್ತೆ. ಆ ಹೆಂಗಸನ್ನು ಯಾರು ಏನೆಂದು ಕರೆದಿದ್ದರೋ, ಮಗ ಅದನ್ನು ಎಲ್ಲಿ ನಿಂತು ಕೇಳಿಸಿಕೊಂಡಿದ್ದನೋ. ಹೇಳಬೇಕಾದವರೆಲ್ಲ ಈಗ ಗೋಡೆಯ ಮೇಲಿದ್ದರು.

ಸೊಸೆ ಕಡ್ಡಿ ಕೆಳಗಿಟ್ಟಳು. ಗುಬ್ಬಿಯ ಕಣ್ಣು ಬಂದಿತ್ತು.

"ಅತ್ತೆ, ಇದು ನಿಮ್ಮ ಬೀರುವಿನಲ್ಲೇ ಇತ್ತು. ನಿಮ್ಮ ಹೊಟ್ಟೆಯಲ್ಲೇ ಇಂಥ ಕಣ್ಣು ಹುಟ್ಟಿತ್ತು. ಎರಡು ತಿಂಗಳು ನನ್ನನ್ನ ನೋಡ್ತಾ ಕೂತಿದ್ರಲ್ಲ."

"ತೆಗೆದಿದ್ದರೆ ನನ್ನ ಮೇಲಿನ ಅನುಮಾನವೂ ಆಚೆ ಬರೋದು," ಎಂದಳು ಅತ್ತೆ. "ನಿನ್ನದೇನೂ ತಪ್ಪಿಲ್ಲ ಅಂತ ಗೊತ್ತಿತ್ತು ಕಣೇ. ಗೊತ್ತಿದ್ದೂ ಸುಮ್ಮನಿದ್ದೆ. ನನಗೆ ಯಾರೂ ಹೇಳಲಿಲ್ಲ, ನಾನ್ಯಾಕೆ ಹೇಳಲಿ ಅನ್ನಿಸಿತು."

ಅದಕ್ಕೆ ಸೊಸೆ ಪರವಾಗಿಲ್ಲ ಎನ್ನಲಿಲ್ಲ. ಆಗಿದ್ದು ಸಣ್ಣ ನೋವಲ್ಲ.

ಗಂಡ ಅಷ್ಟು ಹೊತ್ತಿಗೆ ಲ್ಯಾಬಿನ ಚೀಟಿ ತಂದು ಹರಿಯಲು ಹೊರಟಿದ್ದ. ಅವಳು ಅವನ ಕೈ ಹಿಡಿದಳು.

"ಹರಿಯಬೇಡಿ. ಈಗ ನೀವು ಬೇಡ ಅಂತಿರೋದು ಈ ಫೋಟೋ ನೋಡಿ. ನನ್ನನ್ನ ನೋಡಿ ಅಲ್ಲ. ಅತ್ತೆ ನಲವತ್ತು ವರ್ಷ ಕಾದರು, ನಾನು ಕಾಯಲ್ಲ. ಕೇಳಬೇಕಾದ್ದನ್ನ ಬಾಯಿಬಿಟ್ಟು ಕೇಳಿ. ಇವರೆಲ್ಲರ ಮುಂದೇನೇ ಕೇಳಿ."

ಅವನು ಅಮ್ಮನ ಕಡೆ ನೋಡಿದ. ಅಮ್ಮ ಕಣ್ಣು ತಪ್ಪಿಸಲಿಲ್ಲ, ಸಹಾಯಕ್ಕೂ ಬರಲಿಲ್ಲ. ಬಟಾಣಿ ಮೇಜಿನ ಕೆಳಗೆ ಕೂತು ಬ್ರೆಡ್ಡಿನ ಚೂರು ಸವಿಯುತ್ತಿತ್ತು. ಅವನು ಚೀಟಿಯನ್ನು ಮೇಜಿನ ಮೇಲಿಟ್ಟ.

"ಬಟಾಣಿ ನನ್ನ ಮಗಳಾ?"

"ಹೌದು."

ಅಷ್ಟೇ. ಅವನು ಮೇಜಿನ ಕೆಳಗೆ ಬಗ್ಗಿ ಕೂಸನ್ನು ಎತ್ತಿಕೊಂಡ. ಅವನ ಕಿವಿಯವರೆಗೂ ನಾಚಿಕೆ ಏರಿತ್ತು. ಅದು ಇಳಿಯಲು ದಿನಗಳು ಬೇಕು, ಇಳಿಯಲಿ ಎಂದು ಅವಳೂ ಬಿಟ್ಟಳು. ತುಂಬಿದ ಪೆಟ್ಟಿಗೆಯನ್ನು ಅವಳು ಅವತ್ತು ಬಿಚ್ಚಲಿಲ್ಲ. ಸೋಮವಾರ ಹತ್ತು ಗಂಟೆ ಬಂತು, ಹೋಯಿತು, ಅವನು ಅಂಗಡಿಯಲ್ಲೇ ಇದ್ದ. ಗುರುವಾರದ ಹೊತ್ತಿಗೆ ಪೆಟ್ಟಿಗೆಯಿಂದ ಕೂಸಿನ ಬಟ್ಟೆಗಳು ಒಂದೊಂದಾಗಿ ಹೊರಬಂದವು, ಒಗೆಯುವುದಕ್ಕೆ. ಅತ್ತೆಯೇ ತೆಗೆದದ್ದು. ಸೊಂಟದ ಮಾತು ಎತ್ತಲಿಲ್ಲ.

ಶನಿವಾರ ಬೆಳಿಗ್ಗೆ, ಕಿಟಕಿಗೆ ಒಳ್ಳೆಯ ಬೆಳಕು ಬರುವ ಹೊತ್ತಿಗೆ, ಸೊಸೆ ಬಣ್ಣದ ಕೋಣೆಯ ಮೇಜಿನ ಮೇಲೆ ದೊಡ್ಡ ಚಿತ್ರವನ್ನು ಇಟ್ಟು ಬಣ್ಣ ಕಲಸತೊಡಗಿದಳು. ಬೂದಿ, ಹಸಿರಿನ ಒಂದು ಎಳೆ. ನೋಡಿಕೊಂಡು ಹಾಕಲು ಬಟಾಣಿ ಬೇಕು, ಬಟಾಣಿ ಒಂದು ಕಡೆ ನಿಲ್ಲುವ ಜಾತಿಯಲ್ಲ. ಕರೆಯದಿದ್ದರೂ ಅತ್ತೆ ಬಂದಳು. ಹೊಸ್ತಿಲಲ್ಲಿ ನಿಂತು ಉಸಿರೆಳೆದುಕೊಂಡು ಒಳಗೆ ಕಾಲಿಟ್ಟು, ಕುರ್ಚಿಯ ಮೇಲೆ ಕೂತು, ಕೂಸನ್ನು ತೊಡೆಯ ಮೇಲೆ ಬೆಳಕಿಗೆ ಮುಖಮಾಡಿ ಹಿಡಿದುಕೊಂಡಳು. ಎಷ್ಟೋ ದಿನದ ಮೇಲೆ ಅದರ ಮುಖ ನೋಡಿದಳು. ಬಟಾಣಿ ಅವಳ ಮೂಗು ಹಿಡಿದು ಎಳೆಯಿತು.

ಎಡಗಣ್ಣು ಆಯಿತು. ಅತ್ತೆ ಕತ್ತು ಚಾಚಿ ನೋಡಿ, ಇನ್ನೂ ಒಂಚೂರು ಬೇಕು ಎಂದಳು. ಪಾಪೆಯ ಸುತ್ತ, ಒಳಗಡೆ, ಜೇನಿನ ಥರ ಒಂದು ಗೆರೆ ಇರುತ್ತೆ, ಗುಬ್ಬಿಗೆ ಇತ್ತು. ಸೊಸೆ ಕೂಸಿನ ಕಣ್ಣಿನ ಹತ್ತಿರಕ್ಕೆ ಬಗ್ಗಿದಳು. ಹೌದು, ಇತ್ತು. ಕೂದಲೆಳೆಯಷ್ಟು. ಇಷ್ಟು ದಿನ ನೋಡಿಯೂ ಅವಳು ನೋಡಿರಲಿಲ್ಲ. ಹಳದಿಗೆ ಚೂರು ಕೆಂಪು ಬೆರೆಸಿ ಎಡಕ್ಕೂ ಬಲಕ್ಕೂ ಎಳೆದಳು.

ಚಿತ್ರದೊಳಗಿನ ಹೆಂಗಸು ಆಗ ನೋಡಿದ್ದು ಸೊಸೆಯನ್ನಲ್ಲ. ಮೇಜಿನ ಆಚೆ ಕೂತವಳನ್ನು. ಅತ್ತೆ ಕೂಸನ್ನು ಎದೆಗೆ ಒತ್ತಿಕೊಂಡು ಬಹಳ ಹೊತ್ತು ಆ ನೋಟಕ್ಕೆ ಎದುರಾಗಿ ಕೂತಿದ್ದಳು. ಆಮೇಲೆ, ತಾನು ಕಂಡೇ ಇರದ ತನ್ನ ಅತ್ತೆಯನ್ನು, ಪಕ್ಕದ ಕೋಣೆಯಿಂದ ಬಂದವರನ್ನು ಕೇಳುವ ಹಾಗೆ ಕೇಳಿದಳು.

"ಇಷ್ಟು ವರ್ಷ ಎಲ್ಲಿದ್ದಿರಿ ಅತ್ತೆ?"

ಸೊಸೆ ಸೂಜಿಯ ಮೊನೆಗೆ ಬಿಳಿ ತೆಗೆದುಕೊಂಡು, ಉಸಿರು ಹಿಡಿದು, ಬಲಗಣ್ಣಿನ ಪಾಪೆಯಲ್ಲಿ ಬೆಳಕಿನ ಕೊನೆಯ ಚುಕ್ಕೆ ಇಟ್ಟಳು.